ಅವಳು ಬರೆದಿಟ್ಟ ಐದು ಕಾಲೇಜುಗಳು

ಆ ದಿನ ನನ್ನ ಹೆಂಡತಿಗೆ ವಾರದ ರಜೆ ಇತ್ತು. ಅವಳು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ತುಮಕೂರಿನಿಂದ ಕುಣಿಗಲ್ಲಿಗೆ ಹೋಗಿಬರುವ ಬಸ್ಸು ಅವಳದು. ಗುಬ್ಬಿಯ ನಮ್ಮ ಮನೆಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು ತುಮಕೂರಿಗೆ ಹೋಗಿ ಅಲ್ಲಿ ಡ್ಯೂಟಿ ಹತ್ತಬೇಕಾಗಿತ್ತು. ಹಾಗಾಗಿ ವಾರಕ್ಕೊಂದು ದಿನ ಮಾತ್ರ ಬೆಳಕು ಹರಿದ ಮೇಲೆ ಏಳುತ್ತಿದ್ದಳು. ನಾನು ಹಾಲಿನ ಡೈರಿಯಲ್ಲಿ ಕೆಲಸ ಮಾಡುತ್ತೇನೆ. ಬೆಳಗಿನ ಹಾಲು ಅಳೆದು, ಫ್ಯಾಟ್ ನೋಡಿ, ಕ್ಯಾನು ಕಳಿಸಿ ಮನೆಗೆ ಬಂದಾಗ ಹಾಗಲವಾಡಿ ಕಡೆಯ ಪರಿಚಯದವರೊಬ್ಬರು ಕೊಟ್ಟ ಹಲಸಿನ ಹಣ್ಣು ನನ್ನ ಗಾಡಿಯ ಮೇಲಿತ್ತು. ಅದನ್ನು ನೋಡಿ ಅವಳು, "ರಜಾ ಅಂತ ಮಲ್ಗಿದ್ದೆ, ನೀವು ಕೆಲ್ಸ ಹೊತ್ಕಂಡ್ ಬಂದ್ರಾ" ಅಂದಳು. ಅಂದವಳೇ ಜಗುಲಿಯ ಮೇಲೆ ಗೋಣಿಚೀಲ ಹಾಸಿ, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಹಣ್ಣು ಬಿಡಿಸಲು ಕೂತಳು.

ಎರಡನೇ ಪಿಯುಸಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದ ಮಗಳು ಪಕ್ಕದಲ್ಲೇ ಕೂತು, ತೊಳೆ ಬಿಡಿಸಿದ ಹಾಗೆಲ್ಲ ತಿನ್ನುತ್ತಿದ್ದಳು.

"ಬೀಜ ಎಸೀಬ್ಯಾಡ ಕಣೇ, ಸಾರಿಗೆ ಬೇಕು."

"ಅಮ್ಮ, ಕೈಯೆಲ್ಲ ಅಂಟು. ಫೋನ್ ಮುಟ್ಟಕ್ಕೇ ಆಗ್ತಿಲ್ಲ."

"ಒಳ್ಳೇದೇ ಆಯ್ತು ಬುಡು. ಇನ್ಮೇಲೆ ದಿನಾ ಒಂದು ಹಲಸಿನ ಹಣ್ಣು ತರ್ಸಾಣ."

ಮಧ್ಯಾಹ್ನ ಊಟವಾದ ಮೇಲೆ ಅವಳು ಮಗಳ ರಫ್ ಬುಕ್ಕು ತೆಗೆದುಕೊಂಡು ಕಾಲೇಜುಗಳ ಪಟ್ಟಿ ಬರೆದಳು. ಮಗಳಿಗೆ ಆರ್ಕಿಟೆಕ್ಚರ್ ಓದಬೇಕೆಂಬ ಆಸೆ. ಅದಕ್ಕೆ ಬೇಕಾದ ಬೇರೆ ಪರೀಕ್ಷೆಯನ್ನೂ ಬರೆದಾಗಿತ್ತು. ಯಾವ ಕಾಲೇಜು ಎನ್ನುವುದೊಂದು ಬಾಕಿ ಇತ್ತು. ನಾಲ್ಕು ವಾರದ ರಜೆಗಳಲ್ಲಿ ನಾಲ್ಕು ಕಾಲೇಜು ನೋಡಿಕೊಂಡು ಬಂದಿದ್ದಳು ನನ್ನ ಹೆಂಡತಿ. ಒಂದೆರಡಕ್ಕೆ ಮಗಳೂ ಹೋಗಿದ್ದಳು. ನಾನು ಹೋಗಿರಲಿಲ್ಲ. ಡೈರಿಗೆ ಎರಡು ಹೊತ್ತೂ ಹಾಲು ಬರುತ್ತದೆ, ರಜೆಯಿಲ್ಲ. ಅದೊಂದು ನೆಪ. ನಿಜವಾಗಿ ನನಗೆ ಆ ಆಫೀಸುಗಳಲ್ಲಿ ಕೂತು ಮಾತಾಡಲು ಬರುವುದಿಲ್ಲ. ನಾನು ಹತ್ತನೇ ಕ್ಲಾಸಿನವರೆಗೆ ಓದಿದವನು.

ಸಂಜೆ ಹಾಲಿಗೆ ನಾನು ಹೊರಟಾಗ ಅವಳು ಖಾಕಿ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಬಂದಾಗ ಹಲಸಿನ ಬೀಜದ ಸಾರು ಆಗಿತ್ತು. ಮೂವರೂ ಉಂಡೆವು. ಆ ದಿನದ ಬಗ್ಗೆ ಇನ್ನೇನೂ ಹೇಳಲು ಇಲ್ಲ.

ಮಾರನೇ ದಿನ ಎರಡನೇ ಟ್ರಿಪ್ಪಿನಲ್ಲಿ, ಹೆಬ್ಬೂರಿನಲ್ಲಿ ಹತ್ತಿದವರಿಗೆಲ್ಲ ಟಿಕೆಟ್ ಕೊಟ್ಟು ತನ್ನ ಸೀಟಿನಲ್ಲಿ ಕೂತಳಂತೆ. "ಯಾಕೋ ತಲೆ ಸಿಡಿದು ಹೋಗ್ತೈತೆ ಕಣಣ್ಣ" ಎಂದು ಡ್ರೈವರಿಗೆ ಹೇಳಿದಳಂತೆ. ಆಮೇಲೆ ಮಾತಾಡಲಿಲ್ಲ. ಡ್ರೈವರ್ ಬಸ್ಸನ್ನು ಎಲ್ಲೂ ನಿಲ್ಲಿಸದೆ ಕುಣಿಗಲ್ ಆಸ್ಪತ್ರೆಗೆ ಓಡಿಸಿದ. ನಡುವೆ ಇಳಿಯಬೇಕಾದವರು ಎಷ್ಟೋ ಜನ ಇದ್ದರು, ಒಬ್ಬರೂ ನಿಲ್ಲಿಸು ಎನ್ನಲಿಲ್ಲವಂತೆ. ಒಬ್ಬಾಕೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆಕೆ ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಗುಬ್ಬಿಯಿಂದ ಹೋಗಿ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೆದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು. ಅವಳಿಗೆ ನಲವತ್ತನಾಲ್ಕು ವರ್ಷ.

ಕಾರ್ಯಗಳೆಲ್ಲ ಆದ ಮೇಲೆ ಮನೆ ಖಾಲಿಯಾಯಿತು. ನಾನು ಹಾಲು ಅಳೆಯಲು ಹೋಗುತ್ತಿದ್ದೆ, ಬರುತ್ತಿದ್ದೆ. ಅಡುಗೆ ನನಗೆ ಹೊಸದಲ್ಲ. ಅವಳು ಡ್ಯೂಟಿಗೆ ಸೇರಿದಾಗಿನಿಂದ ಬೆಳಗಿನ ಅಡುಗೆ ನನ್ನದೇ. ಆದರೂ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮಗಳನ್ನು ಕರೆದು ರುಚಿ ನೋಡಿಸಬೇಕಾಗುತ್ತಿತ್ತು. ನನ್ನ ನಾಲಿಗೆಗೆ ಗೊತ್ತಾಗುತ್ತಿರಲಿಲ್ಲ. ಮಗಳು ಬಂದು ಬೆರಳು ಅದ್ದಿ, "ಹಾಕಿದ್ದೀಯ" ಎಂದು ಹೇಳಿ ಹೋಗುತ್ತಿದ್ದಳು. ದಿನಕ್ಕೆ ಅಷ್ಟೇ ಮಾತು.

ಪಿಯುಸಿ ಫಲಿತಾಂಶ ಬಂತು. ಚೆನ್ನಾಗಿಯೇ ಬಂತು. ಸ್ವಲ್ಪ ದಿನಕ್ಕೆ ಆರ್ಕಿಟೆಕ್ಚರ್ ಪ್ರವೇಶದ ರ್‍ಯಾಂಕೂ ಬಂತು. ನನ್ನ ತಮ್ಮ ಬಂದವನು ಜಗುಲಿಯಲ್ಲಿ ಕೂತು ಶುರು ಮಾಡಿದ.

"ಐದು ವರ್ಷನಾ? ಮನೆ ಪ್ಲಾನ್ ಬರೆಯಕ್ಕೆ ಐದು ವರ್ಷ ಓದ್ಬೇಕಾ? ನಮ್ಮ ಮೇಸ್ತ್ರಿ ಐದು ನಿಮಿಷಕ್ಕೆ ಸುಣ್ಣದ ಪುಡೀಲಿ ಗೆರೆ ಎಳೆದು ಪಾಯ ತೆಗೀರಿ ಅಂತಾನೆ."

"ಅದಕ್ಕೇ ಚಿಕ್ಕಪ್ಪ ನಿಮ್ಮನೆ ಬಚ್ಚಲಿಗೆ ಕಿಟಕೀನೇ ಇಲ್ಲ" ಎಂದು ಮಗಳು ಒಳಗಿನಿಂದ ಹೇಳಿದಳು.

ತಮ್ಮ ನಕ್ಕ. ನಾನೂ ನಕ್ಕೆ. ಹೆಂಡತಿ ಹೋದ ಮೇಲೆ ಮನೆಯಲ್ಲಿ ನಕ್ಕದ್ದು ಅದೇ ಮೊದಲು. ಆಮೇಲೆ ಇಬ್ಬರಿಗೂ ಏನೋ ತಪ್ಪು ಮಾಡಿದ ಹಾಗಾಯಿತು.

ಈ ಆಸೆ ಮಗಳಿಗೆ ಎಲ್ಲಿಂದ ಬಂತು ಎಂದು ಕೇಳಿದರೆ, ತಾಯಿಯ ಗೊಣಗಾಟದಿಂದ ಎನ್ನಬೇಕು. ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಮೇಲೆ ನನ್ನ ಜೊತೆ ಬಸ್ ಸ್ಟ್ಯಾಂಡಿನಲ್ಲಿ ಅಮ್ಮನಿಗಾಗಿ ಕಾಯುತ್ತಿದ್ದಳು. ಕಾಯುತ್ತ ಪುಸ್ತಕದ ಹಿಂದೆ ಕಂಬ, ಬೆಂಚು, ಮಾಡು ಎಲ್ಲ ಬರೆಯುತ್ತಿದ್ದಳು. ಅಮ್ಮ ಬಂದವಳು ಅವತ್ತು ಕಂಡ ಊರುಗಳ ತಂಗುದಾಣಗಳನ್ನೆಲ್ಲ ಬಯ್ಯುತ್ತ ಮನೆಗೆ ನಡೆಯುತ್ತಿದ್ದಳು. ಬಿಸಿಲು ನೇರ ಮುಖಕ್ಕೆ ಬೀಳುವ ಹಾಗೆ ಬೆಂಚು, ಮುದುಕರು ಹತ್ತಲಾಗದ ಮೆಟ್ಟಿಲು, ಹೆಂಗಸರು ಹೋಗಲಾಗದ ಕಡೆ ಶೌಚಾಲಯ. "ಅದನ್ನ ಕಟ್ಟಿದೋನು ಒಂದಿನಾನೂ ಬಸ್ಸಿಗೆ ಕಾದಿಲ್ಲ ಕಣೇ" ಅನ್ನುತ್ತಿದ್ದಳು. ಮಗಳು ಮಾರನೇ ದಿನ ಬೆಂಚನ್ನು ತಿರುಗಿಸಿ ಬರೆದು ತೋರಿಸುತ್ತಿದ್ದಳು.

ಕಾಲೇಜು ನೋಡುವುದರಲ್ಲೂ ನನ್ನ ಹೆಂಡತಿಗೆ ಅವಳದೇ ದಾರಿ ಇತ್ತು. ಮೊದಲು ಆಫೀಸಿಗೆ ಹೋಗುತ್ತಿರಲಿಲ್ಲ. ಗೇಟಿನ ಹತ್ತಿರ ವಾಚ್‌ಮನ್ ಜೊತೆ, ಹೊರಗಿನ ಟೀ ಅಂಗಡಿಯವರ ಜೊತೆ ಮಾತಾಡುತ್ತಿದ್ದಳು. ಹೆಣ್ಣುಮಕ್ಕಳ ಶೌಚಾಲಯಕ್ಕೆ ಹೋಗಿ ನಲ್ಲಿ ತಿರುಗಿಸಿ ನೋಡುತ್ತಿದ್ದಳು. ಮಕ್ಕಳು ಕೂತು ಡ್ರಾಯಿಂಗ್ ಬರೆಯುವ ದೊಡ್ಡ ರೂಮಿಗೆ ಸ್ಟುಡಿಯೋ ಎನ್ನುತ್ತಾರಂತೆ. ಅಲ್ಲಿ ಗೋಡೆಯ ಮೇಲೆ ಅವರ ಕೆಲಸ ಅಂಟಿಸಿದ್ದಾರೋ ಇಲ್ಲವೋ ನೋಡುತ್ತಿದ್ದಳು. ಪಾಠ ಹೇಳುವವರು ಹೊರಗೆ ಕಟ್ಟಡದ ಕೆಲಸವನ್ನೂ ಮಾಡುತ್ತಾರಾ, ಈ ವರ್ಷದ ಮಾನ್ಯತೆಯ ಕಾಗದ ಬಂದಿದೆಯಾ, ಸೇರಿದವರಲ್ಲಿ ಎಷ್ಟು ಜನ ನಡುವೆ ಬಿಟ್ಟರು ಎಂದು ಕೇಳುತ್ತಿದ್ದಳು. ಟಿಕೆಟ್ ಕೇಳಿದಷ್ಟೇ ಸಲೀಸಾಗಿ ಕೇಳುತ್ತಿದ್ದಳು ಎಂದು ಮಗಳು ಹೇಳಿದಳು. "ಒಬ್ಬ ಸಾರ್ ಜೇಬಿಗೆ ಕೈ ಹಾಕ್ಕೊಂಡ್ರು ಅಪ್ಪ, ಪಾಸ್ ತೋರ್ಸೋರ ತರ."

ರಫ್ ಬುಕ್ಕಿನ ಹಾಳೆಯಲ್ಲಿ ಐದು ಸಾಲು ಇತ್ತು. ಕಾಲೇಜುಗಳ ಹೆಸರು ಇಲ್ಲಿ ಬೇಡ. ಮೊದಲನೆಯದು ತುಮಕೂರಿನದು: "ಮನೆಯಿಂದ ಹೋಗಿಬರಬಹುದು. ನೀರು ಇದೆ. ಮೇಷ್ಟ್ರು ಹೊಸಬರು." ಎರಡನೆಯದು ಬೆಂಗಳೂರು ಹೆದ್ದಾರಿಯ ಪಕ್ಕದ್ದು: "ಕಟ್ಟಡ ಚೆನ್ನಾಗಿದೆ. ಮಕ್ಕಳು ಮಾತಾಡಲಿಲ್ಲ." ಮೂರನೆಯದು ಬೆಂಗಳೂರಿನ ಒಳಗಿನದು: "ಜಾಗ ಕಮ್ಮಿ. ಗೋಡೆ ತುಂಬ ಮಕ್ಕಳ ಕೆಲಸ. ಹಾಸ್ಟೆಲ್ ದೂರ." ನಾಲ್ಕನೆಯದು ಬೆಂಗಳೂರು ದಾಟಿ ಮೈಸೂರು ರಸ್ತೆಯಲ್ಲಿರುವುದು: "ಮಾನ್ಯತೆ ಕಾಗದ ಕೇಳಿದ್ದಕ್ಕೆ ಇನ್ನೊಂದು ದಿನ ಬನ್ನಿ ಅಂದರು." ಐದನೆಯದು ಮೈಸೂರಿನದು. ಅದರ ಮುಂದೆ ಏನೂ ಬರೆದಿರಲಿಲ್ಲ. ಅಲ್ಲಿಗೆ ಅವಳು ಇನ್ನೂ ಹೋಗಿರಲಿಲ್ಲ.

ಕಾಲೇಜುಗಳನ್ನು ಕಂಪ್ಯೂಟರಿನಲ್ಲಿ ನಮೂದಿಸಬೇಕಾದ ದಿನ ಬಂದಾಗ ನಾವಿಬ್ಬರೂ ಆ ಹಾಳೆ ಹಿಡಿದು ಗುಬ್ಬಿಯ ಸೈಬರ್ ಸೆಂಟರಿಗೆ ಹೋದೆವು. ಅಲ್ಲಿ ಕೂತಿದ್ದ ಹುಡುಗಿ ದಿನಕ್ಕೆ ಇಪ್ಪತ್ತು ಮಂದಿಗೆ ಇದೇ ಕೆಲಸ ಮಾಡುತ್ತಿದ್ದವಳು.

"ನೋಡಿ ಅಂಕಲ್, ಇಷ್ಟವಾದ್ದನ್ನ ಫಸ್ಟ್ ಹಾಕ್ಬೇಕು. ಸಿಕ್ತದೆ ಅಂತ ಅನ್ನಿಸಿದ್ದನ್ನ ಫಸ್ಟ್ ಹಾಕ್ಬಿಟ್ರೆ ಅದೇ ಸಿಗ್ತದೆ. ಕೆಳಗಿಂದು ಕಂಪ್ಯೂಟರ್ ನೋಡೋದೇ ಇಲ್ಲ. ಮೊದ್ಲು ಯಾವ್ದು ಸಿಗ್ಬೋದು ಅಂತ ಒಂದು ಅಣಕು ಫಲಿತಾಂಶ ಬಿಡ್ತಾರೆ. ಆಮೇಲೂ ನಾಕು ದಿನ ಟೈಮಿರ್ತದೆ, ಬದಲಾಯಿಸ್ಬೋದು. ಫಸ್ಟ್ ಯಾವ್ದು?"

ನಾನು ಮಗಳ ಮುಖ ನೋಡಿದೆ. ಅವಳಿಗೆ ಮೈಸೂರಿನ ಮೇಲೆ ಮನಸ್ಸು ಇತ್ತೆಂದು ನನಗೆ ಗೊತ್ತಿತ್ತು. ಆ ಕಾಲೇಜಿನ ಮಕ್ಕಳು ಕಟ್ಟಿದ ಒಂದು ಚಿಕ್ಕ ಓದುವ ಮನೆಯ ಚಿತ್ರವನ್ನು ಫೋನಿನಲ್ಲಿ ನಮಗಿಬ್ಬರಿಗೂ ಎಷ್ಟೋ ಸಲ ತೋರಿಸಿದ್ದಳು. ಅವಳು ಹಾಳೆ ನೋಡಿದಳು.

"ಅಮ್ಮ ಬರ್ದಂಗೇ ಹಾಕಿ ಅಕ್ಕ. ಒಂದು, ಎರಡು, ಮೂರು, ನಾಕು, ಐದು."

"ಗ್ಯಾರಂಟಿನಾ?"

"ಅಮ್ಮ ಎಲ್ಲ ನೋಡ್ಕಂಡ್ ಬಂದು ಬರ್ದಿರೋದು."

ನಾನು ಏನೂ ಹೇಳಲಿಲ್ಲ. ಹೇಳಬಹುದಾಗಿತ್ತು. ತುಮಕೂರು ಮೊದಲು ಇದ್ದದ್ದು ನನಗೆ ಅನುಕೂಲವಾಗಿತ್ತು. ಮಗಳು ಬೆಳಿಗ್ಗೆ ಹೋಗಿ ಸಂಜೆಗೆ ಬರುತ್ತಾಳೆ, ಸಾರಿನಲ್ಲಿ ಬೆರಳು ಅದ್ದಿ ನೋಡಲು ಮನೆಯಲ್ಲಿ ಒಬ್ಬರು ಇರುತ್ತಾರೆ ಎಂದು ನನ್ನ ಲೆಕ್ಕ. ಹೆಂಡತಿಯೇ ಮೊದಲು ಬರೆದಿದ್ದಾಳೆ, ಮೈಸೂರಿಗೆ ಹೋಗಿ ನೋಡುವ ಗೋಜಿಗೂ ಹೋಗಿಲ್ಲ, ಅದನ್ನು ಕೊನೆಗೆ ತಳ್ಳಿದ್ದಾಳೆ, ಇನ್ನೇನು ಬೇಕು ಎಂದುಕೊಂಡೆ. ಅವಳ ಮಾತು ನಡೆಸುತ್ತಿದ್ದೇನೆ ಎನ್ನುವ ಸಮಾಧಾನವೂ ಸಿಕ್ಕಿತು. ಅಷ್ಟು ದಿನದಲ್ಲಿ ಸಿಕ್ಕಿದ ಸಮಾಧಾನ ಅದೊಂದೇ.

ಅಣಕು ಫಲಿತಾಂಶದಲ್ಲಿ ತುಮಕೂರೇ ಬಂತು. ಮಗಳು ಫೋನನ್ನು ನನ್ನ ಕೈಗೆ ಕೊಟ್ಟು, "ಅಮ್ಮ ಹೇಳ್ದಂಗೇ ಆಯ್ತು" ಎಂದು ಹೇಳಿ ಬಟ್ಟೆ ಒಗೆಯಲು ಹೋದಳು. ಬಟ್ಟೆ ನೆನೆಹಾಕಿಯೇ ಇರಲಿಲ್ಲ. ಒಣ ಬಟ್ಟೆಯನ್ನು ಕಲ್ಲಿಗೆ ಬಡಿಯುವ ಸದ್ದು ನನಗೆ ಒಳಗೆ ಕೇಳಿಸುತ್ತಿತ್ತು.

ಅದರ ಮಾರನೇ ದಿನ ಡ್ರೈವರ್ ಬಂದ. ನನ್ನ ಹೆಂಡತಿಯ ಜೊತೆ ಆರು ವರ್ಷ ಅದೇ ರೂಟಿನಲ್ಲಿ ಓಡಿಸಿದವನು, ಕುಣಿಗಲ್ಲಿನವನು. ಅವಳಿಗಿಂತ ದೊಡ್ಡವನು. ಅವಳನ್ನು ತಂಗಿ ಎನ್ನುತ್ತಿದ್ದ, ಹಾಗಾಗಿ ನನ್ನನ್ನು ಭಾವ ಎನ್ನುತ್ತಾನೆ. ಡಿಪೋದಿಂದ ನನ್ನ ಸಹಿ ಬೇಕಾದ ಕಾಗದಗಳಿದ್ದವು. ರಜೆ ಹಾಕಿ ತಾನೇ ತಂದಿದ್ದ. ಸಹಿ ಹಾಕಿದ ಮೇಲೆ ಕಾಫಿ ಕುಡಿಯುತ್ತ ಮಗಳನ್ನು ಮಾತಾಡಿಸಿದ.

"ಏನ್ ಮಗ, ಯಾವ ಕಾಲೇಜಾಯ್ತು?"

"ತುಮಕೂರು ಮಾವ. ಅಮ್ಮ ಅದನ್ನೇ ಮೊದ್ಲು ಬರ್ದಿದ್ದು."

"ಹೌದಾ? ನನ್ ತಾವ ಯಾವ್ದೂ ಇನ್ನೂ ತೀರ್ಮಾನ ಆಗಿಲ್ಲ ಅಂದಿದ್ಲಲ್ಲ. ಎಲ್ಲಿ ತತ್ತಾ ನೋಡಾಣ."

ಮಗಳು ರಫ್ ಬುಕ್ಕು ತಂದುಕೊಟ್ಟಳು. ಅವನು ಕನ್ನಡಕ ಹಾಕಿಕೊಂಡು ನೋಡಿದ. ನೋಡುತ್ತ ನಗು ಬಂತು ಅವನಿಗೆ. ಆಮೇಲೆ ನಮ್ಮ ಮುಖ ನೋಡಿ ನಗು ನಿಲ್ಲಿಸಿದ.

"ಇದು ಯಾವ್ದು ಮೇಲು, ಯಾವ್ದು ಕೀಳು ಅಂತ ಬರ್ದಿರೋದಲ್ಲ ಮಗ. ಸ್ಟೇಜ್ ಪ್ರಕಾರ ಬರ್ದವ್ಳೆ."

"ಹಂಗಂದ್ರೆ?"

"ಬಸ್ ನಿಂತ್ಕಳೋ ಊರಿಗೆ ಸ್ಟೇಜ್ ಅಂತೀವಿ. ಟಿಕೆಟ್ ಲೆಕ್ಕ ಎಲ್ಲ ಅದ್ರ ಮೇಲೇನೆ. ಈಗ ಗುಬ್ಬೀಲಿ ಹತ್ತಿ ಕೂತ್ಕೋ. ಮೊದ್ಲು ಏನ್ ಸಿಕ್ತದೆ? ತುಮಕೂರು. ಆಮೇಲೆ ಬೆಂಗಳೂರ್ ಹೈವೇ. ಆಮೇಲೆ ಬೆಂಗಳೂರು. ಅದಾದ್ಮೇಲೆ ಮೈಸೂರ್ ರೋಡು. ಕಡೇಗೆ ಮೈಸೂರು. ಒಂದೊಂದೇ ಇಳ್ಕಂಡ್ ಹೋಗಂಗೆ ಬರ್ದವ್ಳೆ. ಅವ್ಳು ಏನ್ ಬರುದ್ರೂ ಹಿಂಗೇ ಕಣವ್ವ. ನಮ್ ಡಿಪೋಲಿ ಯಾರ್ ಮನೇಲಿ ಮದ್ವೆ ಆದ್ರೂ ಕರೆಯೋರ್ ಪಟ್ಟಿ ಇವ್ಳೇ ಬರೀತಿದ್ದಿದ್ದು. ಹೆಬ್ಬೂರೋರು ಮೊದ್ಲು, ಕುಣಿಗಲ್ಲೋರು ಕಡೇಗೆ. ಒಂದ್ಸಲ ದೊಡ್ಡ ಸಾಹೇಬ್ರ ಹೆಸ್ರು ಕಟ್ಟಕಡೇಗೆ ಬರ್ದು ಬೈಸ್ಕಂಡಿದ್ಲು. ಅವ್ರ ಮನೆ ಕುಣಿಗಲ್ ಆಚೆಗಿತ್ತು, ಅದಕ್ಕೆ!"

ಅವನು ಹೇಳಿ ಮುಗಿಸುವ ಮೊದಲೇ ನನಗೆ ಗೊತ್ತಾಗಿತ್ತು. ಗೊತ್ತಾಯಿತು ಎನ್ನುವುದೂ ಸರಿಯಲ್ಲ. ಮನೆಯ ಸಾಮಾನಿನ ಚೀಟಿಯನ್ನು ಅವಳು ಹಾಗೆಯೇ ಬರೆಯುತ್ತಿದ್ದಳು. ಬಸ್ ಸ್ಟ್ಯಾಂಡಿನ ಪಕ್ಕದ ಔಷಧಿ ಅಂಗಡಿ ಮೊದಲು, ಆಮೇಲೆ ತರಕಾರಿ, ಆಮೇಲೆ ದಿನಸಿ, ನಮ್ಮ ಬೀದಿಯ ತಿರುವಿನಲ್ಲಿ ಹೂವು. ಎಷ್ಟೋ ವರ್ಷ ನಾನು ಆ ಚೀಟಿ ಹಿಡಿದು ಒಂದು ಸಲವೂ ಹಿಂದಕ್ಕೆ ತಿರುಗದೆ ಮನೆಗೆ ಬಂದಿದ್ದೇನೆ. ಈ ಹಾಳೆ ನೋಡಿದಾಗ ಅದು ನೆನಪಿಗೆ ಬರಬೇಕಾಗಿತ್ತು. ಬರಲಿಲ್ಲವೋ, ಬಾರದಂತೆ ನಾನೇ ನೋಡಿಕೊಂಡೆನೋ, ಇಂದಿಗೂ ನನಗೆ ಸರಿಯಾಗಿ ಹೇಳಲಾಗುವುದಿಲ್ಲ.

ಡ್ರೈವರ್ ಹೋದ ಮೇಲೆ ಮಗಳು ಕೂಗಾಡಿದಳು. ಅವಳು ಹಾಗೆ ಕೂಗಾಡುವವಳಲ್ಲ.

"ಅಮ್ಮ ಬೇಡ ಅಂದವ್ಳೆ ಅಂತ ನಾನು ಸುಮ್ನಾದೆ. ಈಗ ಅಮ್ಮ ಏನೂ ಅಂದೇ ಇಲ್ಲ ಅಂತೀರ. ನಾನು ಏನ್ ಮಾಡ್ಲಿ? ಯಾರನ್ನ ಕೇಳ್ಲಿ?"

"ನನ್ನ ಕೇಳು."

"ನೀನು ಒಂದ್ ಕಾಲೇಜೂ ನೋಡಿಲ್ವಲ್ಲಪ್ಪ."

ಅದು ನಿಜ. ಬದಲಾಯಿಸಲು ಇನ್ನು ಮೂರು ದಿನ ಇತ್ತು. ನಾನು ಡೈರಿಗೆ ಹೋಗಿ, ನಾಳೆ ಎರಡು ಹೊತ್ತೂ ಬರುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಬಂದೆ.

ಮೈಸೂರಿಗೆ ನಾವು ಕುಣಿಗಲ್ ದಾರಿಯಲ್ಲೇ ಹೋದೆವು. ತುಮಕೂರಿನಲ್ಲಿ ಹತ್ತಿದ ಬಸ್ಸು ನನ್ನ ಹೆಂಡತಿಯದೇ ರೂಟಿನದು. ಟಿಕೆಟ್ ಕೊಡುತ್ತಿದ್ದವರು ಬೇರೆ ಯಾರೋ. ಹೆಬ್ಬೂರು ದಾಟಿದ ಮೇಲೆ ಮಗಳು ಕಿಟಕಿಯ ಕಡೆ ಮುಖ ಮಾಡಿದಳು, ನಾನು ಮುಂದಿನ ಸೀಟಿನ ಕಂಬಿ ನೋಡುತ್ತ ಕೂತೆ. ಹೆಂಡತಿಯ ಮಾತು ನಿಂತದ್ದು ಯಾವ ತಿರುವಿನ ಹತ್ತಿರ ಎಂದು ನಾನು ಯಾರನ್ನೂ ಕೇಳಿಲ್ಲ. ಫೋನಿನಲ್ಲಿ ಹೇಳಿದ್ದರಿಂದ ಕುಣಿಗಲ್ಲಿನಲ್ಲಿ ಡ್ರೈವರ್ ಕಾಯುತ್ತಿದ್ದ. ಮೈಸೂರು ಬಸ್ಸಿಗೆ ಹತ್ತಿಸಿ, ಅದರ ಕಂಡಕ್ಟರಿಗೆ "ನಮ್ ತಂಗಿ ಮನೆಯೋರು, ಕಾಲೇಜ್ ಹತ್ರಾನೇ ಇಳಿಸ್ಬುಡಪ್ಪ" ಎಂದು ಹೇಳಿ ಇಬ್ಬರಿಗೂ ಬಾಳೆಹಣ್ಣು ಕೊಟ್ಟ.

ಕಾಲೇಜಿನ ಗೇಟಿನಲ್ಲಿ ನಾನು ಹೆಂಡತಿ ಮಾಡುತ್ತಿದ್ದ ಹಾಗೆಯೇ ಮಾಡಲು ಹೋದೆ. ವಾಚ್‌ಮನ್ ಹತ್ತಿರ ಹೋಗಿ ನಿಂತೆ. ಏನು ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಒಂದೇ.

"ಇಲ್ಲಿ ಹೆಣ್ಮಕ್ಕಳ ಟಾಯ್ಲೆಟ್ಟಲ್ಲಿ ನೀರು ಬರ್ತದಾ?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಿಮಗೆ ಅರ್ಜೆಂಟಾದ್ರೆ ಗಂಡಸ್ರದು ಆ ಕಡೆ ಐತೆ ಸಾರ್."

ಮಗಳು ಬಾಯಿಗೆ ದುಪಟ್ಟಾ ಒತ್ತಿಕೊಂಡು ಆ ಕಡೆ ತಿರುಗಿದಳು. ನಲ್ಲಿ ನೋಡಲು ಆಮೇಲೆ ಅವಳೇ ಹೋದಳು. ನೀರು ಬರುತ್ತಿತ್ತು.

ಸ್ಟುಡಿಯೋ ಬಾಗಿಲು ತೆರೆದಿತ್ತು. ಉದ್ದನೆಯ ರೂಮು. ಮೇಜಿನ ಮೇಲೆಲ್ಲ ದಪ್ಪ ರಟ್ಟು, ಅಂಟು, ಕತ್ತರಿಸಿದ ಚೂರು. ನಾಲ್ಕೈದು ಹುಡುಗ ಹುಡುಗಿಯರು ನೆಲದ ಮೇಲೆ ಕೂತು ಏನೋ ಮನೆಯ ಮಾದರಿ ಅಂಟಿಸುತ್ತಿದ್ದರು. ಒಬ್ಬಳು ಮೇಜಿನ ಕೆಳಗೆ ಬ್ಯಾಗಿಗೆ ತಲೆಯಿಟ್ಟು ಹಗಲಲ್ಲೇ ನಿದ್ದೆ ಹೋಗಿದ್ದಳು. ನಾನು ಹತ್ತಿರವಿದ್ದ ಹುಡುಗಿಯನ್ನು ಕೇಳಿದೆ.

"ನಿಮ್ ಕ್ಲಾಸಲ್ಲಿ ನಡುವೆ ಬಿಟ್ಟೋರು ಎಷ್ಟು ಜನ ಕಣಮ್ಮ?"

ಅವಳು ಬ್ಲೇಡು ಕೆಳಗಿಟ್ಟು ಯೋಚಿಸಿದಳು. "ನಾಕ್ ಜನ ಅಂಕಲ್. ಒಬ್ಬ ಇಂಜಿನಿಯರಿಂಗ್‌ಗೆ ಹೋದ. ಇಬ್ರಿಗೆ ಇದು ಇಷ್ಟ ಆಗ್ಲಿಲ್ಲ. ಇನ್ನೊಬ್ಳು ಮನೆ ನೆನಪು ಅಂತ ಹೋದ್ಲು."

"ನಿಂಗೆ ಮನೆ ನೆನಪಾಗಲ್ವಾ?"

"ಆಗ್ತದೆ. ಆದ್ರೆ ಕೆಲ್ಸ ಮುಗಿಸಿ ಕೊಡೋ ಸಬ್ಮಿಷನ್ ಇರ್ತದಲ್ಲ" ಅಂದಳು. ಪಕ್ಕದವರೆಲ್ಲ ನಕ್ಕರು. ಮೇಜಿನ ಕೆಳಗಿನವಳಿಗೆ ಎಚ್ಚರವಾಗಲಿಲ್ಲ.

ಆಫೀಸಿನಲ್ಲಿ ಮಾನ್ಯತೆಯ ಕಾಗದ ಕೇಳಿದೆ. ಅವರು ಫೈಲು ತೆಗೆದು ತೋರಿಸಿದರು. ಇಂಗ್ಲಿಷಿನಲ್ಲಿತ್ತು. ಮಗಳು ಓದಿ ತಲೆಯಾಡಿಸಿದಳು. ಆಮೇಲೆ ಪಾಠ ಹೇಳುವ ಒಬ್ಬ ಹೆಂಗಸು ಅವಳನ್ನು ಮಾತಾಡಿಸುತ್ತ ಸ್ಟುಡಿಯೋಗೆ ಕರೆದುಕೊಂಡು ಹೋದರು. ಮಗಳು ಚೀಲದಲ್ಲಿ ತನ್ನ ಡ್ರಾಯಿಂಗ್ ಪುಸ್ತಕ ಇಟ್ಟುಕೊಂಡು ಬಂದಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಹೊರಗೆ ಮೆಟ್ಟಿಲ ಮೇಲೆ ಕೂತೆ. ನನಗೆ ಬಹಳ ಆಯಾಸವಾಗಿತ್ತು. ಮೂರು ತಿಂಗಳ ಆಯಾಸ ಆ ಮೆಟ್ಟಿಲ ಮೇಲೆ ಒಟ್ಟಿಗೆ ಬಂದು ಕೂತ ಹಾಗಿತ್ತು. ಕಟ್ಟಡ ಚೆನ್ನಾಗಿದೆಯೋ ಇಲ್ಲವೋ, ಮೇಷ್ಟ್ರು ಒಳ್ಳೆಯವರೋ ಅಲ್ಲವೋ, ಏನೂ ತಿಳಿಯಲಿಲ್ಲ. ನೋಡಿದ್ದೆಲ್ಲ ಕಣ್ಣಿನ ಮುಂದೆ ಇತ್ತು. ಅದನ್ನು ಒಂದು ಸಾಲಿನಲ್ಲಿ ಹೇಳುವುದು ನನ್ನಿಂದಾಗಲಿಲ್ಲ. ನನ್ನ ಹೆಂಡತಿ ನಾಲ್ಕು ಕಾಲೇಜಿಗೂ ಅದನ್ನು ಹೇಗೆ ಬರೆದಳೋ.

ಒಂದು ಗಂಟೆಯಾದ ಮೇಲೆ ಮಗಳು ಬಂದಳು. ಹಾಸ್ಟೆಲ್ ರೂಮನ್ನೂ ನೋಡಿ ಬಂದಿದ್ದಳು. ವಾಪಸು ಬರುವಾಗ ಬಸ್ಸು ನಾಗಮಂಗಲ ದಾಟಿತು. ಆಮೇಲೆ ಅವಳೇ ಮಾತು ಶುರು ಮಾಡಿದಳು.

"ಹಾಸ್ಟೆಲ್ ರೂಮು ಕತ್ಲೆ ಅಪ್ಪ. ಒಂದೇ ಕಿಟಕಿ, ಅದೂ ಗೋಡೆ ಕಡೆಗೆ."

"ಮತ್ತೆ?"

"ಬರೋಕ್ ಮುಂಚೆ ಇದೇ ಬೇಕು ಅಂತ ಇತ್ತು. ಈಗ ಅಷ್ಟು ಗ್ಯಾರಂಟಿ ಇಲ್ಲ."

"ಆ ಮೇಡಮ್ಮು ಏನಂದ್ರು?"

"ನಾನು ಬರ್ದಿರೋ ಬಸ್ ಸ್ಟ್ಯಾಂಡ್ ನೋಡಿದ್ರು. ಚೆನ್ನಾಗಿದೆ ಅನ್ಲಿಲ್ಲ. ಬೆಂಚ್ ಮೇಲೆ ಕೂತೋರು ಅವರ ಚೀಲ ಎಲ್ಲಿಡ್ತಾರೆ ಅಂತ ಕೇಳಿದ್ರು." ಚೀಲದಿಂದ ಪುಸ್ತಕ ತೆಗೆದು ಆ ಹಾಳೆ ಬಿಡಿಸಿದಳು. "ನಾನು ಅದಕ್ಕೆ ಜಾಗಾನೇ ಮಾಡಿಲ್ಲ ಅಪ್ಪ. ಇಷ್ಟು ವರ್ಷ ಬರ್ದಿದ್ದೀನಿ."

ಬಸ್ಸು ಎಲ್ಲೋ ನಿಂತಿತು. ಒಬ್ಬ ಅಜ್ಜಿ ಕೋಳಿ ಇಟ್ಟುಕೊಂಡು ಹತ್ತಿದಳು, ಕೋಳಿಗೂ ಟಿಕೆಟ್ಟಾ ಎಂದು ಕಂಡಕ್ಟರ್ ಜೊತೆ ಜಗಳವಾಡಿದಳು. ಅದು ಮುಗಿದ ಮೇಲೆ ಮಗಳು, "ಇದೇ ಹಾಕಾಣ ಅಪ್ಪ. ಬೇರೆ ಕಡೆ ಯಾರೂ ಹಂಗೆ ಕೇಳ್ಲಿಲ್ಲ" ಅಂದಳು.

ನಾನು ಹೇಳಬೇಕಾದ್ದನ್ನು ಆಗ ಹೇಳಿದೆ.

"ತುಮಕೂರು ಫಸ್ಟ್ ಅಂತ ಅಮ್ಮ ಹೇಳಿದ್ದಲ್ಲ ಮಗ. ಅದು ನನ್ ಆಸೆ. ನೀನು ಮನೇಲಿ ಇರ್ಲಿ ಅಂತ."

"ಗೊತ್ತು ಬುಡಪ್ಪ" ಎಂದು ಹೇಳಿ ಅವಳು ನನ್ನ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿದಳು.

ಮಾರನೇ ದಿನ ಸೈಬರ್ ಸೆಂಟರಿನ ಹುಡುಗಿ ಕ್ರಮ ಬದಲಾಯಿಸಿದಳು. ಮೈಸೂರು ಮೊದಲು, ಬೆಂಗಳೂರಿನ ಒಳಗಿನದು ಎರಡನೆಯದು, ತುಮಕೂರು ಮೂರನೆಯದು. ಉಳಿದೆರಡನ್ನು ಮಗಳು ತೆಗೆಸಿದಳು. "ಈ ಸಲ ಗ್ಯಾರಂಟಿನಾ?" ಎಂದು ಆ ಹುಡುಗಿ ಕೇಳಿದಳು. "ಇಲ್ಲ, ಆದ್ರೂ ಹಾಕಿ" ಎಂದಳು ಮಗಳು. ಕೊನೆಯ ಫಲಿತಾಂಶದಲ್ಲಿ ಮೈಸೂರೇ ಬಂತು.

ಈಗ ಅವಳು ಅಲ್ಲಿ ಓದುತ್ತಿದ್ದಾಳೆ. ಸರಿಯಾದ ಕಾಲೇಜೋ ಅಲ್ಲವೋ ಹೇಳಲು ನನಗೆ ಬರುವುದಿಲ್ಲ. ಒಂದು ವಾರ ಫೋನು ಮಾಡಿ ಬೆರಳು ಕೊಯ್ದುಕೊಂಡೆ, ನಿದ್ದೆಯಿಲ್ಲ, ರೂಮು ಕತ್ತಲೆ ಎಂದು ಅಳುತ್ತಾಳೆ. ಇನ್ನೊಂದು ವಾರ, ಗಾಳಿ ಯಾವ ಕಡೆಯಿಂದ ಬರುತ್ತದೆ ನೋಡಿ ನಮ್ಮ ಡೈರಿಯ ಬಾಗಿಲು ಎಲ್ಲಿರಬೇಕಾಗಿತ್ತು ಎಂದು ಅರ್ಧ ಗಂಟೆ ಹೇಳುತ್ತಾಳೆ. ನಾನು ಎರಡನ್ನೂ ಕೇಳಿಸಿಕೊಳ್ಳುತ್ತೇನೆ. ಸಾರಿಗೆ ಉಪ್ಪನ್ನು ಈಗ ಅಳತೆ ಚಮಚದಲ್ಲಿ ಹಾಕುತ್ತೇನೆ.

ಮೊನ್ನೆ ಹಾಲು ಹಾಕಲು ಬಂದ ಒಬ್ಬರು, ತಮ್ಮ ಮಗನಿಗೂ ಇದೇ ಓದು ಬೇಕಂತೆ, ಕಾಲೇಜನ್ನು ಹೇಗೆ ನೋಡಬೇಕು ಎಂದು ಕೇಳಿದರು. ನಾನು ಹೇಳಿದೆ. ಮೊದಲು ಆಫೀಸಿಗೆ ಹೋಗಬೇಡಿ. ನಲ್ಲಿ ತಿರುಗಿಸಿ ನೋಡಿ. ಗೋಡೆ ನೋಡಿ. ಮಕ್ಕಳನ್ನು ಮಾತಾಡಿಸಿ. ಕಾಗದ ತೋರಿಸಿ ಅನ್ನಿ, ಹೆದರಬೇಡಿ. ಅವರು ತಲೆಯಾಡಿಸುತ್ತ ಕೇಳಿದರು. "ಚೆನ್ನಾಗಿ ತಿಳ್ಕಂಡಿದ್ದೀರ ಬುಡಿ" ಎಂದರು. ನಾನು ತಿಳಿದುಕೊಂಡದ್ದಲ್ಲ ಎಂದು ಹೇಳಲು ಹೊರಟೆ. ಅಷ್ಟರಲ್ಲಿ ಹಿಂದಿನವರು ಕ್ಯಾನು ಮುಂದಿಟ್ಟರು.

ನಾಲ್ಕು ಕಾಲೇಜನ್ನು ಅವಳು ನೋಡಿದ್ದಳು. ಮಗಳು ಓದುತ್ತಿರುವ ಕಾಲೇಜನ್ನು ಅವಳು ನೋಡಲಿಲ್ಲ.